ದಿನದ ಕೊನೆಯ ಕಣ್ಣು

ಬೆಳಿಗ್ಗೆ ಐದೂ ಮುಕ್ಕಾಲು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಉತ್ತರದ ಕಿಟಕಿಗೆ ಮುಖ ಮಾಡಿ, ನಲವತ್ತಾರು ವರ್ಷದ ಹೆಂಗಸೊಬ್ಬರು ಕಣ್ಣು ಬರೆಯುತ್ತಿದ್ದಾರೆ. ಕಾಗದದ ಮೇಲಲ್ಲ, ಷರಟಿನ ಗುಂಡಿಯಷ್ಟು ಅಗಲದ ಒಂದು ಬಿಲ್ಲೆಯ ಮೇಲೆ. ಕುಂಚದ ತುದಿಯಲ್ಲಿ ನಾಲ್ಕೋ ಐದೋ ಕೂದಲು. ಅದನ್ನು ಬಣ್ಣಕ್ಕೆ ಅದ್ದುವುದಿಲ್ಲ, ತಾಗಿಸುತ್ತಾರೆ ಅಷ್ಟೆ. ನಡುವಿನ ಕರಿ ಪಾಪೆಯಿಂದ ಹೊರಕ್ಕೆ ಒಂದು ಕಂದು ಗೆರೆ, ಅದರ ಪಕ್ಕ ಕೊಂಚ ತಿಳಿಯಾದ ಇನ್ನೊಂದು. ಕಂದು ಎಂದರೆ ಒಂದೇ ಬಣ್ಣ ಎಂದುಕೊಂಡಿದ್ದ ನನಗೆ ಅವರು ಎಣಿಸಿ ತೋರಿಸುತ್ತಾರೆ. ಹದಿನಾಲ್ಕು ಇವೆ.

ಮೇಜಿನ ಮೇಲೆ ಸಣ್ಣ ಕೈಗನ್ನಡಿ ನಿಲ್ಲಿಸಿದ್ದಾರೆ. ಅದರಲ್ಲಿ ತಮ್ಮ ಎಡಗಣ್ಣನ್ನು ನೋಡುತ್ತಾರೆ, ಬಿಲ್ಲೆಯ ಮೇಲೆ ಬಾಗುತ್ತಾರೆ, ಮತ್ತೆ ನೋಡುತ್ತಾರೆ. ಕೊನೆಗೆ ಪಾಪೆಯ ಕೆಳಗೆ, ಮೂಗಿನ ಕಡೆಗೆ, ತುಕ್ಕಿನ ಬಣ್ಣದ ಒಂದು ಚುಕ್ಕೆ ಇಡುತ್ತಾರೆ. ಗಸಗಸೆ ಕಾಳಿಗಿಂತ ಸಣ್ಣದು. ಬಿಲ್ಲೆಯನ್ನು ತಿರುಗಿಸಿ ಬೆನ್ನಿಗೆ ಸಹಿ ಹಾಕಿ, ಮೇಜಿನ ಖಾನೆ ಎಳೆದು, ಒಳಗೆ ಹಾಸಿದ ಬಟ್ಟೆಯ ಮೇಲೆ ಮಕಾಡೆ ಮಲಗಿಸುತ್ತಾರೆ.

"ಇದು ಯಾರಿಗೆ?" ಎಂದು ಕೇಳುತ್ತೇನೆ.

"ಯಾರಿಗೂ ಅಲ್ಲ. ನಂದೇ ಕಣ್ಣು. ಗಿರಾಕಿ ಬರೋಕೆ ಮುಂಚೆ ನನ್ನನ್ನ ನಾನು ಹೊರಗೆ ಹಾಕಿ ಬಾಗಿಲು ಹಾಕ್ಕೊಂಡುಬಿಡ್ತೀನಿ."

ಖಾನೆಯಲ್ಲಿ ಅಂಥವು ಇಪ್ಪತ್ತಮೂರು ಇವೆ. ಒಂದನ್ನು ಮಗುಚಿ ನೋಡಲೇ ಎಂದು ಕೇಳಿದೆ. ನೋಡಿ ಎಂದರು. ಮಗುಚಿದೆ. ಬೇಗನೆ ವಾಪಸ್ ಮಲಗಿಸಿದೆ. ಯಾಕೆ ಎಂದು ಓದುಗರು ಕೇಳಬಾರದು.

ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವುದು ಇವರ ಕಸುಬು. ಗಿರಾಕಿಗಳೆಲ್ಲ ಕಣ್ಣಕ್ಕ ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಎಲೆಮರೆಯ ಕಾಯಿ ಎಂಬ ಮಾತನ್ನು ನಮ್ಮ ಪುರವಣಿಯಲ್ಲಿ ಅಡುಗೆಗೆ ಉಪ್ಪು ಉದುರಿಸಿದಂತೆ ಉದುರಿಸುತ್ತೇವೆ. ಉಳಿದವರಿಗೆ ಅದು ಹೊಗಳಿಕೆ. ಇವರಿಗೆ ಅದೇ ಕಸುಬಿನ ಕಟ್ಟಳೆ. ಇವರು ಮಾಡಿದ ಕಣ್ಣು ಯಾರ ಕಣ್ಣಿಗೂ ಬೀಳಬಾರದು, ಬಿದ್ದರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಅಂಥ ಕೆಲಸ ಕಳೆದ ಮಳೆಗಾಲದಲ್ಲಿ ಅರವತ್ತಮೂರು ಸಲ ಕೆಟ್ಟಿತು. ಇವತ್ತು ಅದನ್ನು ಸರಿ ಮಾಡಲು ಬರುತ್ತದೆಯೋ ಇಲ್ಲವೋ ಎಂದು ಗೊತ್ತಾಗಬೇಕಿದೆ. ಬರದಿದ್ದರೆ ಅಂಗಡಿ ಮುಚ್ಚುವುದಾಗಿ ಕಣ್ಣಕ್ಕ ತಂಗಿಗೆ ಹೇಳಿದ್ದಾರೆ. ನಾನು ಬಂದದ್ದು ಸರಿಯಾಗಿ ಆ ದಿನವೇ. ನನ್ನ ಕಾಲ್ಗುಣ ಮೊದಲಿಂದಲೂ ಹೀಗೇ.

ಮೊದಲಿಗೆ ಇವರು ಮುಖ ಬರೆಯುತ್ತಿದ್ದವರು. ಉದ್ಯಾನದ ಗೇಟಿನ ಬಳಿ ಮಡಚುವ ಕುರ್ಚಿ ಹಾಕಿಕೊಂಡು, ಹೋಗಿ ಬರುವವರನ್ನು ಕೂರಿಸಿ, ಇಪ್ಪತ್ತು ನಿಮಿಷದಲ್ಲಿ ಮುಖ ಇಳಿಸಿ ಕೊಡುತ್ತಿದ್ದರು. ಕೆಳಗಿನ ಮೂಲೆಯಲ್ಲಿ ಸಹಿ. "ಮೂಗಿಗಿಂತ ಸಹಿ ದೊಡ್ಡದಿರ್ತಿತ್ತು ಸರ್" ಎನ್ನುತ್ತಾರೆ ತಂಗಿ. ಹಾಗೆ ಕೂತಿದ್ದಾಗ ಹಲ್ಲಿನ ಸೆಟ್ಟು ಮಾಡುವ ಮುದುಕರೊಬ್ಬರು ಬಂದು ಇವರ ಕೈ ನೋಡಿ, ಕೃತಕ ಕಣ್ಣು ಮಾಡುವುದನ್ನು ಕಲಿಸಿಕೊಟ್ಟರು. ಅವರು ಹೇಳಿಕೊಟ್ಟ ಮೊದಲ ಪಾಠ, ಸಹಿ ಮರೆತುಬಿಡು ಎಂಬುದು. ಅದಾದ ಮೇಲೆ ಅಕ್ಕತಂಗಿ ಈ ಎರಡು ಕೋಣೆ ಹಿಡಿದರು. ಅಕ್ಕ ಒಳಗೆ, ತಂಗಿ ಹೊರಗೆ. ಅಕ್ಕನದು ಕುಂಚ, ತಂಗಿಯದು ಫೋನು. ಎಂಟು ವರ್ಷವಾಯಿತು.

ಕೆಲಸ ಹೇಳುವಷ್ಟು ಸುಲಭವಿಲ್ಲ. ಹಲ್ಲಿನ ಡಾಕ್ಟರು ಅಚ್ಚಿಗೆ ಬಳಸುವಂಥ ಮೆತ್ತನೆಯ ಮುದ್ದೆಯಿಂದ ಕಣ್ಣಿನ ಗೂಡಿನ ಅಚ್ಚು ತೆಗೆಯಬೇಕು. ಮೇಣದಲ್ಲಿ ಆಕಾರ ತಿದ್ದಬೇಕು. ಕೃತಕ ಕಣ್ಣೆಂದರೆ ಗೋಲಿಯಂತೆ ದುಂಡಗಿರುತ್ತದೆ ಎಂದು ನಾನು ತಿಳಿದಿದ್ದೆ. ಅದು ಚಿಪ್ಪಿನಂತೆ ಇರುತ್ತದೆ. ಬಿಳಿಭಾಗದ ಮೇಲೆ ಕೆಂಪು ರೇಷ್ಮೆಯ ಎಳೆ ಬಿಡಿಸಿ ನರಗಳಂತೆ ಅಂಟಿಸಬೇಕು. ಬರೆದ ಬಿಲ್ಲೆ ಕೂರಿಸಿ, ಮೇಲೆ ಗಾಜಿನಂಥ ಪದರ ಹೊದಿಸಿ, ಬಿಸಿನೀರಿನಲ್ಲಿ ಗಟ್ಟಿ ಮಾಡಿ, ಚಕ್ರಕ್ಕೆ ಹಿಡಿದು ಹೊಳಪು ಕೊಡಬೇಕು. ಇಷ್ಟಕ್ಕೂ ಗಿರಾಕಿ ಎದುರಿಗೇ ಕೂತಿರಬೇಕು. ಉಳಿದ ಒಂದು ಕಣ್ಣನ್ನು ನೋಡಿ ನೋಡಿ ಅದರ ಜೋಡಿಯನ್ನು ಬರೆಯುವುದು ಪದ್ಧತಿ. ಹಾಗೆ ಮಾಡಿದರೆ ದಿನಕ್ಕೆ ಆಗುವುದು ಒಂದು, ಬಹಳವೆಂದರೆ ಎರಡು.

ಹೋದ ವರ್ಷ ದೊಡ್ಡದೊಂದು ಕಣ್ಣಾಸ್ಪತ್ರೆಯಿಂದ ಕೆಲಸ ಬಂತು. ದಿನಕ್ಕೆ ಆರು ಕಣ್ಣು ಬೇಕು. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ತಂಗಿ ಒಪ್ಪಿಕೊಂಡರು. ಆರು ಜನರನ್ನು ದಿನವೂ ಕೂರಿಸಿಕೊಳ್ಳಲು ಜಾಗವೂ ಇಲ್ಲ, ಹೊತ್ತೂ ಇಲ್ಲ. ಅಚ್ಚು ಮತ್ತು ಫೋಟೊ ಕಳಿಸಿದರೆ ಸಾಕು ಎಂದು ತಂಗಿಯೇ ದಾರಿ ಕಂಡುಕೊಂಡರು. ಗಿರಾಕಿಯ ಕುರ್ಚಿ ಹೊರಗೆ ಹೋಯಿತು, ಅದರ ಜಾಗಕ್ಕೆ ಫೋಟೊ ಚುಚ್ಚುವ ಹಲಗೆ ಬಂತು.

"ಆ ಹನ್ನೊಂದು ವಾರ ನನಗೆ ಸರಿಯಾಗಿ ನೆನಪೇ ಇಲ್ಲ" ಎನ್ನುತ್ತಾರೆ ಕಣ್ಣಕ್ಕ. "ನಿಂತ್ಕೊಂಡೇ ಊಟ. ಬಚ್ಚಲಿಗೆ ಎದ್ದು ಹೋಗ್ಬೇಕಾಗುತ್ತಲ್ಲ ಅಂತ ನೀರು ಕುಡಿಯೋದು ಬಿಟ್ಟೆ. ಕಣ್ಣುರಿ ಅಂತ ಡಾಕ್ಟರ ಹತ್ರ ಹೋದ್ರೆ, ನೀವು ಎವೆ ಬಡಿಯೋದನ್ನೇ ಮರೆತಿದ್ದೀರಲ್ಲಮ್ಮ ಅಂದ್ರು. ಅದನ್ನೂ ಯಾರಾದ್ರೂ ಮರೀತಾರಾ, ಹೇಳಿ."

ಈಗ ಮೇಜಿನ ಮೇಲೆ ಅಡುಗೆಮನೆಯ ಗಂಟೆಯೊಂದಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅದು ಕಿರುಚುತ್ತದೆ. ಕಿರುಚಿದಾಗ ಕುಂಚ ಇಟ್ಟು, ಕಿಟಕಿಯಾಚೆ ನೀರಿನ ಟ್ಯಾಂಕಿನ ಕಡೆ ನೋಡಿ, ಇಪ್ಪತ್ತು ಸಲ ಎವೆ ಬಡಿಯುತ್ತಾರೆ. ಮಾತಾಡುತ್ತಿರುವಾಗಲೂ ತಪ್ಪಿಸುವುದಿಲ್ಲ. ನಾನೂ ಜೊತೆಗೆ ಬಡಿದೆ. "ನಿಮ್ಮ ಬಲಗಣ್ಣು ಸ್ವಲ್ಪ ಹಳದಿ ಇದೆ, ನೀರು ಕುಡೀರಿ" ಎಂದರು. ಆಮೇಲೆ ಅವರು ನನ್ನ ಮುಖ ನೋಡಿದಾಗಲೆಲ್ಲ ನಾನು ಕಿಟಕಿ ನೋಡುತ್ತಿದ್ದೆ.

ಆ ವಾರಗಳಲ್ಲಿ ಒಂದು ಸಂಜೆ ಕಣ್ಣಕ್ಕ ಮನೆಗೆ ಹೋಗುವಾಗ ರಸ್ತೆ ದಾಟಲು ನಿಂತಿದ್ದರಂತೆ. ಎದುರು ಬದಿಯಲ್ಲಿ ಯಾರೋ ಹೆಂಗಸು, ಕೈಯಲ್ಲಿ ತರಕಾರಿ ಚೀಲ. ಆಕೆಗೆ ಇವರ ಪರಿಚಯವಿಲ್ಲ. ದಾಟುವಾಗ ಇಬ್ಬರೂ ಒಬ್ಬರನ್ನೊಬ್ಬರು ಸವರಿಕೊಂಡು ಹೋದರು. ಆಕೆಯ ಒಂದು ಕಣ್ಣು ಮುಂದಿನ ದಾರಿ ನೋಡುತ್ತಿತ್ತು. ಇನ್ನೊಂದು ಇವರನ್ನು ನೋಡಿತು.

"ಅವಳು ನನ್ನ ಗುರುತು ಹಿಡೀಲಿಲ್ಲ. ಆ ಕಣ್ಣು ಹಿಡೀತು" ಎನ್ನುತ್ತಾರೆ. ದನಿ ಏರಿಲ್ಲ, ಇಳಿದಿಲ್ಲ. "ಮನೆಗೆ ಹೋಗಿ ಮಲಗಿಬಿಟ್ಟೆ. ಯಾರಿಗೂ ಹೇಳ್ಲಿಲ್ಲ. ಸುಸ್ತಾಗಿದೆ, ಅದಕ್ಕೇ ಏನೇನೋ ಕಾಣ್ತಿದೆ ಅಂದ್ಕೊಂಡೆ."

ಅದು ಸುಸ್ತಿನ ಭ್ರಮೆಯಲ್ಲ ಎಂದು ಗೊತ್ತಾಗಿದ್ದು ಸಲೂನಿನವರೊಬ್ಬರಿಂದ. ಎಂಟು ಗಂಟೆಗೆ ಅವರೇ ಮೆಟ್ಟಿಲು ಹತ್ತಿ ಬರುತ್ತಾರೆ. ನಲವತ್ತು ದಾಟಿದ, ಬಾಯಿ ಮುಚ್ಚದ ಮನುಷ್ಯ. ಸ್ಕೂಟರಿನಿಂದ ಬಿದ್ದು ಬಲಗಣ್ಣು ಹೋಯಿತು. ಆಸ್ಪತ್ರೆಯ ಮೂಲಕ, ಫೋಟೊ ನೋಡಿ ಬರೆದ ಕಣ್ಣು ಸಿಕ್ಕಿತು. ಹಾಕಿಕೊಂಡ ಮೇಲೆ ಹೆಂಡತಿ ಚೆನ್ನಾಗಿದೆ ಎಂದಳು, ಮಕ್ಕಳೂ ಚೆನ್ನಾಗಿದೆ ಎಂದರು. ಆದರೆ ಇವರದು ದಿನವಿಡೀ ಕನ್ನಡಿಯ ಮುಂದೆ ನಿಲ್ಲುವ ಕೆಲಸ.

"ಕನ್ನಡೀಲಿ ನನ್ನ ಎಡಗಣ್ಣು ಗಿರಾಕಿ ತಲೆ ನೋಡ್ತಿರುತ್ತೆ ಸರ್, ಬಲಗಣ್ಣು ನನ್ನ ನೋಡ್ತಿರುತ್ತೆ" ಎನ್ನುತ್ತಾರೆ. "ಅಲುಗಾಡದ ಕಣ್ಣು ಹಾಗೇ ಇರುತ್ತೆ ಅಂತ ಮೊದಲು ಸುಮ್ಮನಿದ್ದೆ. ಆಮೇಲೆ ಕುರ್ಚೀಲಿ ಕೂತೋರು ಮಾತು ನಿಲ್ಸೋಕೆ ಶುರು ಮಾಡಿದ್ರು. ಸಲೂನಲ್ಲಿ ಜನ ಮಾತು ನಿಲ್ಸಿದ್ರೆ ಹೆಂಗೆ? ಒಬ್ಬ ಹೇಳೇಬಿಟ್ಟ, ಅಣ್ಣ, ನಿನ್ನ ಜೊತೆ ಇನ್ಯಾರೋ ನನ್ನ ಕೂದಲು ಕತ್ತರಿಸ್ತಿದ್ದಾರೆ ಅನ್ಸುತ್ತೆ ಅಂತ."

ಹಾಗಾಗಿ ವಿಳಾಸ ಹುಡುಕಿಕೊಂಡು ಇಲ್ಲಿಗೆ ಬಂದರು. ಕಣ್ಣಕ್ಕ ಭೂತಗನ್ನಡಿ ಹಿಡಿದು ಹತ್ತಿರಕ್ಕೆ ಬಾಗಿದರು. ಮುಖ ನೋಡುವುದೇ ಕಸುಬಾದ ಸಲೂನಿನವರು ಅಷ್ಟು ಹತ್ತಿರದಿಂದ ಕಣ್ಣಕ್ಕನ ಎಡಗಣ್ಣನ್ನು ನೋಡಿದರು, ತಮ್ಮ ಹೊಸ ಕಣ್ಣಿನಲ್ಲಿದ್ದಂಥದೇ ತುಕ್ಕಿನ ಚುಕ್ಕೆಯನ್ನೂ ನೋಡಿದರು.

"ಅಕ್ಕ, ಇದು ನಿಮ್ಮದು ಅಂದೆ. ಅಷ್ಟೇ ಅಂದಿದ್ದು. ಅಕ್ಕನ ಕೈಲಿದ್ದ ಗಾಜು ಕೆಳಗೆ ಬಿತ್ತು."

ತಂಗಿ ಮಾಡಿ ಮುಗಿದ ಪ್ರತಿ ಕಣ್ಣಿನ ಫೋಟೊ ಇಟ್ಟುಕೊಳ್ಳುತ್ತಾರೆ. ಅವತ್ತು ಇಬ್ಬರೂ ಕೂತು ಒಂದೊಂದಾಗಿ ತೆಗೆದು ನೋಡಿದರು. ಎಲ್ಲ ಕಣ್ಣಿನಲ್ಲೂ ಚುಕ್ಕೆ ಇರಲಿಲ್ಲ. ದಿನದ ಮೊದಲ ಐದು ಕಣ್ಣು ಸರಿಯಾಗೇ ಇದ್ದವು. ಆರನೆಯದು, ದಿನದ ಕೊನೆಯದು, ಪ್ರತಿ ದಿನವೂ ಇವರದೇ. ಬಣ್ಣ ಗಿರಾಕಿಯದೇ ಇರಬಹುದು, ಕಡುಕಪ್ಪೋ ತಿಳಿಗಂದೋ. ಆದರೆ ಗೆರೆಯ ಓಟ ಇವರದು, ನೋಟ ಇವರದು, ಚುಕ್ಕೆಯಂತೂ ಅದೇ ಜಾಗದಲ್ಲಿ. ಹನ್ನೊಂದು ವಾರಕ್ಕೆ ಅರವತ್ತಮೂರು.

ಸುಸ್ತಿನಿಂದಲೋ, ಸಹಿ ಹಾಕುವ ಹಳೆಯ ಚಾಳಿಯಿಂದಲೋ ಎಂದು ಕೇಳಿದೆ. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು. ಅವರು ಬೇಸರಪಟ್ಟುಕೊಳ್ಳಲಿಲ್ಲ.

"ಎರಡೂ. ಸಹಿ ಹಾಕೋದನ್ನ ನಾನು ಬಿಟ್ಟಿದ್ದೆ, ಕೈ ಬಿಟ್ಟಿರ್ಲಿಲ್ಲ. ಎಂಟು ವರ್ಷ ನಂದು ಅಂತ ಒಂದು ಗೆರೆ ಎಳೆದಿಲ್ಲ ನಾನು. ಮೈ ಗಟ್ಟಿ ಇರೋವರೆಗೆ ತಡ್ಕೊಂಡಿದ್ದೆ. ಸಂಜೆ ಹೊತ್ತಿಗೆ ಮೈ ಬಿದ್ದುಹೋಗೋದು, ಆಗ ಅದು ಎದ್ದು ಬರೋದು."



ಆಸ್ಪತ್ರೆಯ ಕೆಲಸವನ್ನು ತಂಗಿ ಆ ವಾರವೇ ವಾಪಸ್ ಕೊಟ್ಟರು. ಗಿರಾಕಿಯ ಕುರ್ಚಿ ಒಳಗೆ ಬಂತು. ಅರವತ್ತಮೂರು ಜನಕ್ಕೂ ಹೊಸ ಕಣ್ಣು ಮಾಡಿಕೊಡುವುದೆಂದು ಮಾತಾಯಿತು, ಮೊದಲಿಗೆ ಸಲೂನಿನವರಿಗೆ. ಅವರನ್ನು ಎದುರು ಕೂರಿಸಿಕೊಂಡು ಬರೆದರು. ಬಿಲ್ಲೆಯಲ್ಲಿ ಚುಕ್ಕೆ ಇರಲಿಲ್ಲ. ಮೂವರೂ ನೋಡಿದ್ದಾರೆ. ಪದರ ಹೊದಿಸುವಾಗಲೂ ಇರಲಿಲ್ಲ. ಹೊಳಪು ಕೊಟ್ಟು ಚಕ್ರ ನಿಲ್ಲಿಸಿದಾಗ ಇತ್ತು.

"ಬರಬಾರದು ಬರಬಾರದು ಅಂತ ಅಂದ್ಕೊಂಡೇ ಬರೆದೆ. ಕರೆದ ಹಾಗಾಯ್ತೇನೋ" ಎನ್ನುತ್ತಾರೆ ಕಣ್ಣಕ್ಕ.

ಆ ದಿನದಿಂದ ಕೆಲಸ ನಿಂತಿದೆ. ಇಪ್ಪತ್ತಮೂರು ದಿನದಿಂದ ಅವರು ಬರೆಯುತ್ತಿರುವುದು ದಿನಕ್ಕೊಂದು ಕಣ್ಣು, ಅದೂ ತಮ್ಮದೇ. ನಲವತ್ತೆಂಟು ಜನ ಕಾಯುತ್ತಿದ್ದಾರೆ. ಇವತ್ತೂ ಚುಕ್ಕೆ ಬಂದರೆ ಕುಂಚ ಕೆಳಗಿಡುವುದೇ ಸೈ, ಆ ನಲವತ್ತೆಂಟು ಜನ ಇವರ ನೋಟವನ್ನು ಮುಖದಲ್ಲಿ ಹೊತ್ತುಕೊಂಡೇ ಓಡಾಡಬೇಕು.

ಒಳಗೆ ಬರೆಯುವ ಕೆಲಸ ಶುರುವಾಗುತ್ತದೆ. ನಾನಿದ್ದರೆ ಸಲೂನಿನವರ ಕಣ್ಣು ನನ್ನ ಕಡೆ ಓಡುತ್ತದೆ ಎಂದು ನನ್ನನ್ನು ಹೊರಗೆ ಕಳಿಸುತ್ತಾರೆ. ಮೆಟ್ಟಿಲ ಮೇಲೆ ತಂಗಿಯ ಪಕ್ಕ ಕೂರುತ್ತೇನೆ. ಅಕ್ಕನಿಗಿಂತ ಆರು ವರ್ಷ ಚಿಕ್ಕವರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುವ ಜಾತಿಯ ಹೆಂಗಸು. ಭೂತ, ಪ್ರೇತ, ಗ್ರಹಚಾರ ಒಂದನ್ನೂ ನಂಬುವುದಿಲ್ಲವಂತೆ.

"ತಪ್ಪು ನಂದು ಸರ್" ಎಂದು ಅವರೇ ಶುರು ಮಾಡುತ್ತಾರೆ. "ಅಕ್ಕ ಮಾಡ್ತೀನಿ ಅಂದ್ಲು, ಆಗಲ್ಲ ಅಂತ ಒಂದಿನಾನೂ ಹೇಳ್ಲಿಲ್ಲ, ಅದಕ್ಕೇ ನಾನು ಕೇಳ್ಲಿಲ್ಲ. ಹೇಳದೇ ಇರೋರನ್ನೇ ಅಲ್ವಾ ಕೇಳ್ಬೇಕಾಗಿದ್ದು? ಅಂಗಡಿ ಬೆಳೀತಾ ಇದೆ ಅಂತ ನಾನು ಕುಣೀತಿದ್ದೆ. ಒಳಗೆ ಅವಳು ಕರಗ್ತಾ ಇದ್ಲು."

ಅರವತ್ತಮೂರು ಜನಕ್ಕೂ ಫೋನು ಮಾಡಿದ್ದು ಇವರೇ. ಸಲೂನಿನವರನ್ನು ಬಿಟ್ಟು ನಲವತ್ತೆಂಟು ಜನ ಬರುತ್ತೇನೆಂದರು. ಒಂಬತ್ತು ಜನ ಸಿಕ್ಕಲಿಲ್ಲ, ನಂಬರು ಬದಲಾಗಿದೆ ಇಲ್ಲವೇ ಊರು ಬಿಟ್ಟಿದ್ದಾರೆ. ಐದು ಜನ ಕಣ್ಣು ವಾಪಸ್ ಕೊಡುವುದಿಲ್ಲ ಎಂದರು. ಅವರಲ್ಲೊಬ್ಬ ಗೋದಾಮಿನ ಕಾವಲುಗಾರ. "ನಾನು ತೂಕಡಿಸಿದ್ರೂ ಅದು ತೂಕಡಿಸಲ್ಲಮ್ಮ, ನನಗಿದೇ ಇರ್ಲಿ" ಎಂದನಂತೆ. ತಂಗಿ ಇದನ್ನು ಹೇಳಿ ನಗುತ್ತಾರೆ. ನಾನೂ ನಗುತ್ತೇನೆ. ಇನ್ನೊಬ್ಬರ ವಿಷಯಕ್ಕೆ ಬಂದಾಗ ನಗು ನಿಲ್ಲುತ್ತದೆ.

"ಒಬ್ಬರು ಸಂಗೀತದ ಮೇಷ್ಟ್ರು. ಈ ಕಣ್ಣು ಹಾಕ್ಕೊಂಡ ಮೇಲೆ ದಿನಾ ಒಂದು ಮನೆ ಕನಸಲ್ಲಿ ಬರುತ್ತೆ, ಚೆನ್ನಾಗಿದೆ, ಅದು ಹೋಗೋದು ಬೇಡ ಅಂದ್ರು. ಎಂಥ ಮನೆ ಅಂದೆ, ಸುಮ್ನೆ ಮಾತಿಗೆ. ಹಸಿರು ಬಾಗಿಲು, ಒಳಗೆ ಮರದ ಮೆಟ್ಟಿಲು, ಕೆಳಗಿಂದ ಮೂರನೇ ಮೆಟ್ಟಿಲು ಇಲ್ಲ, ಅಲ್ಲಿ ಒಂದು ಮಗು ಕೂತ್ಕೊಂಡು ಅಳ್ತಿರುತ್ತೆ ಅಂದ್ರು." ತಂಗಿ ಗಲ್ಲ ಎತ್ತಿ ತೋರಿಸುತ್ತಾರೆ. ಕೆಳಗೆ ಹಳೆಯ ಹೊಲಿಗೆಯ ಗುರುತು. "ನಾವು ಚಿಕ್ಕವರಿದ್ದಾಗ ಇದ್ದ ಬಾಡಿಗೆ ಮನೆ ಸರ್ ಅದು. ಬಿದ್ದಿದ್ದು ನಾನು. ಮೇಲಿಂದ ನೋಡ್ತಾ ನಿಂತಿದ್ದಿದ್ದು ಅಕ್ಕ."

ಆ ಮೇಷ್ಟರಿಗೆ ಯಾರಾದರೂ ಹೇಳಿರಬಹುದೇ?

"ಯಾರು ಹೇಳ್ತಾರೆ? ಆ ಮನೆ ಕೆಡವಿ ಮೂವತ್ತು ವರ್ಷ ಆಯ್ತು." ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಖಾನೇಲಿ ಮಕಾಡೆ ಇಡ್ತಾಳಲ್ಲ, ಕೆಲವು ದಿನ ಬೆಳಿಗ್ಗೆ ಬಂದು ನೋಡಿದ್ರೆ ಒಂದು ಅಂಗಾತ ಇರುತ್ತೆ. ಇಲಿ ಇರ್ಬೇಕು ಅಂತ ನಾನು ಹೇಳ್ತೀನಿ, ಹೌದು ಅಂತ ಅವಳೂ ಹೇಳ್ತಾಳೆ. ಇಲ್ಲಿ ಇಲಿ ಇಲ್ಲ ಸರ್."

ನಾನು ಕೇಳಿದ್ದನ್ನು ಬರೆಯುತ್ತಿದ್ದೇನೆ, ನಂಬಿ ಎಂದು ಯಾರಿಗೂ ಹೇಳುತ್ತಿಲ್ಲ.

ಒಳಗಿನಿಂದ ಗಂಟೆ ಕಿರುಚುವುದು ಕೇಳಿಸುತ್ತದೆ, ಇಪ್ಪತ್ತು ನಿಮಿಷಕ್ಕೆ ಮತ್ತೆ ಗಂಟೆ. ಸಲೂನಿನವರ ಮಾತು ಮಾತ್ರ ನಿಲ್ಲುವುದಿಲ್ಲ. ಕಣ್ಣಕ್ಕನ ದನಿ ಒಮ್ಮೆ ಕೇಳುತ್ತದೆ: "ನಿಮ್ಮ ಕಣ್ಣಲ್ಲಿ ಜೇನಿನ ಬಣ್ಣ ಇದೆ ಕಣ್ರೀ. ಆವತ್ತು ನಾನಿದನ್ನ ನೋಡೇ ಇರ್ಲಿಲ್ಲ." ಅದಕ್ಕೆ ಅವರು, "ನನ್ನ ಹೆಂಡತೀನೂ ನೋಡಿಲ್ಲ ಅಕ್ಕ, ಬಿಡಿ" ಎನ್ನುತ್ತಾರೆ.

ಹನ್ನೆರಡರ ಹೊತ್ತಿಗೆ ಬಿಲ್ಲೆ ಮುಗಿಯುತ್ತದೆ. ಚುಕ್ಕೆ ಇಲ್ಲ. ಯಾರೂ ಖುಷಿ ಪಡುವುದಿಲ್ಲ, ಹೋದ ಸಲವೂ ಇಲ್ಲಿಯವರೆಗೆ ಇರಲಿಲ್ಲ. ಪದರ ಹೊದಿಸಿ ಬಿಸಿನೀರಿಗೆ ಬಿಡುತ್ತಾರೆ. ನಾಲ್ವರೂ ಏನೋ ತಿನ್ನುತ್ತೇವೆ, ಏನೆಂದು ನನಗೆ ನೆನಪಿಲ್ಲ. ಮೂರು ಗಂಟೆಗೆ ಚಕ್ರ ತಿರುಗುತ್ತದೆ. ಕಣ್ಣಕ್ಕ ಕಣ್ಣನ್ನು ಚಕ್ರಕ್ಕೆ ಹಿಡಿದು, ತೆಗೆದು, ಮತ್ತೆ ಹಿಡಿಯುತ್ತಾರೆ. ಏನೂ ನಂಬದ ತಂಗಿ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಚಕ್ರ ನಿಲ್ಲುತ್ತದೆ.

ಕಣ್ಣಕ್ಕ ಭೂತಗನ್ನಡಿ ಹಿಡಿಯುತ್ತಾರೆ. ಒಮ್ಮೆ ನೋಡುತ್ತಾರೆ. ಕಿಟಕಿಯ ಹತ್ತಿರ ಹೋಗಿ ಇನ್ನೊಮ್ಮೆ ನೋಡುತ್ತಾರೆ. ನನ್ನ ಕೈಗೆ ಕೊಟ್ಟು, ನೀವು ನೋಡಿ ಎನ್ನುತ್ತಾರೆ. ನನ್ನ ಅಂಗೈಯಲ್ಲಿ ಒಂದು ಬಲಗಣ್ಣಿದೆ, ಇನ್ನೂ ಬೆಚ್ಚಗಿದೆ. ಅದು ನನ್ನನ್ನು ನೋಡುತ್ತಿಲ್ಲ. ಅದು ಯಾರನ್ನೂ ನೋಡುತ್ತಿಲ್ಲ. ಪಾಪೆಯ ಸುತ್ತ ಜೇನಿನ ಬಣ್ಣ, ಅಂಚಿಗೆ ಕಪ್ಪು, ಬೇರೇನೂ ಇಲ್ಲ.

ಸಲೂನಿನವರು ತೊಳೆದ ಕಣ್ಣನ್ನು ಗೂಡಿಗೆ ಕೂರಿಸಿಕೊಂಡು ಗೋಡೆಯ ಕನ್ನಡಿಯ ಮುಂದೆ ನಿಲ್ಲುತ್ತಾರೆ. ಬೆಳಗಿನಿಂದ ಮೊದಲ ಸಲ ಅವರ ಬಾಯಿ ಮುಚ್ಚಿದೆ. ಎಡಕ್ಕೆ ತಿರುಗುತ್ತಾರೆ, ಬಲಕ್ಕೆ ತಿರುಗುತ್ತಾರೆ. ಗಿರಾಕಿಯ ಹಿಂದೆ ನಿಂತಂತೆ ಕೈಯನ್ನು ಎತ್ತಿ ಕತ್ತರಿ ಹಿಡಿದವರ ಹಾಗೆ ಆಡಿಸುತ್ತಾರೆ.

"ಯಾರೂ ಇಲ್ಲ ಅಕ್ಕ" ಎನ್ನುತ್ತಾರೆ. "ನಾನೊಬ್ನೇ."

ಕಣ್ಣಕ್ಕ ಕೂತಲ್ಲೇ ಅಳುತ್ತಾರೆ. ತಂಗಿ ಬಂದು ಬೆನ್ನು ನೀವುತ್ತಾರೆ, ನೀವುತ್ತಲೇ ಇನ್ನೊಂದು ಕೈಯಲ್ಲಿ ಫೋನು ತೆಗೆದು ನಲವತ್ತೆಂಟರಲ್ಲಿ ಮೊದಲನೆಯವರಿಗೆ ನಾಳೆ ಬೆಳಿಗ್ಗೆ ಬನ್ನಿ ಎನ್ನುತ್ತಾರೆ. ಇನ್ನು ಮೇಲೆ ದಿನಕ್ಕೆ ಎರಡೇ, ಸಂಜೆ ನಾಲ್ಕರ ಮೇಲೆ ಒಂದೂ ಇಲ್ಲ. ಬೆಳೆಯುತ್ತಿದ್ದ ಅಂಗಡಿಯ ಕುಡಿ ಚಿವುಟಿದಂತಾಯಿತಲ್ಲ ಎಂದರೆ, "ಬುಡ ಇದೆಯಲ್ಲ ಸರ್" ಎನ್ನುತ್ತಾರೆ ತಂಗಿ.

ಸಲೂನಿನವರು ಹೋದ ಮೇಲೆ ಕಣ್ಣಕ್ಕನನ್ನು ಕೇಳಿದೆ, ಒಂದಿಷ್ಟೂ ಬೇಜಾರಿಲ್ಲವೇ, ಅಷ್ಟು ಚೆಂದದ ಕೆಲಸದಲ್ಲಿ ನಿಮ್ಮದು ಎಂಬುದು ಏನೂ ಉಳಿಯಲಿಲ್ಲವಲ್ಲ.

"ಗುಲಗಂಜಿಯಷ್ಟು ಇದೆ" ಎಂದರು. "ಇರ್ಬೇಕು ಅದು. ಇಲ್ದಿದ್ರೆ ನಾಳೆ ಬೆಳಿಗ್ಗೆ ಏನನ್ನ ಬರೀಲಿ?" ಕುಂಚ ತೊಳೆದು ಬಟ್ಟೆಗೆ ಒರೆಸಿ, ಕೂದಲು ಮೇಲಾಗಿ ಲೋಟಕ್ಕೆ ಹಾಕಿದರು. ಹೊರಡಲು ಎದ್ದ ನನ್ನನ್ನು ನಿಲ್ಲಿಸಿ, ಬಹಳ ಹೊತ್ತಿನಿಂದ ಕೇಳಬೇಕೆಂದುಕೊಂಡಿದ್ದನ್ನು ಕೇಳಿದರು.

"ನನ್ನ ಬಗ್ಗೆ ಜಾಸ್ತಿ ಬರೀಬೇಡಿ. ಸಿಗದೇ ಇರೋ ಆ ಒಂಬತ್ತು ಜನರ ಬಗ್ಗೆ ಬರೀರಿ. ಪಾಪೆ ಕೆಳಗೆ, ಮೂಗಿನ ಕಡೆ, ತುಕ್ಕಿನ ಚುಕ್ಕೆ. ಕನ್ನಡೀಲಿ ನೋಡ್ಕೊಂಡ್ರೆ ಕಾಣುತ್ತೆ. ಬಂದ್ರೆ ಬದಲಾಯಿಸಿ ಕೊಡ್ತೀನಿ. ಬರೋಕಾಗ್ದಿದ್ರೂ ಪರವಾಗಿಲ್ಲ, ಹೆದರ್ಕೋಬೇಡಿ ಅಂತ ಹೇಳಿ. ನಾನೀಗ ನೋಡ್ತಾ ಇಲ್ಲ ಅಂತ ಹೇಳಿ."